ಇನ್ಸುಲಿನ್ ಮಾತು ಕೇಳದ ಮೈ

ಬಟವಾಡಿಯ ಒಂದು ಕ್ಲಿನಿಕ್ಕಿನಲ್ಲಿ ಶುಗರ್ ಇರೋರಿಗೆ ಊಟದ ಸಲಹೆ ಹೇಳೋದು ನನ್ನ ಕೆಲಸ. ಒಂದು ದಿನ ಹೆಬ್ಬೂರಿನಿಂದ ಗೌರಮ್ಮ ಅನ್ನೋರು ಗಂಡನ ಜೊತೆ ಬಂದರು.

"ಸಕ್ಕರೆ ಮುಟ್ಟಲ್ಲ ಮೇಡಂ, ಶುಗರ್ ಎಲ್ಲಿಂದ ಬಂತು?" ಅಂತ ಕೇಳಿದರು.

"ಸಕ್ಕರೆ ಒಂದೇ ಕಾರಣ ಅಲ್ಲಮ್ಮ. ಹೊಟ್ಟೆ ಸುತ್ತ ಬೊಜ್ಜು ಬಂದು, ಓಡಾಟ ಕಮ್ಮಿ ಆದ್ರೆ, ರಕ್ತದಲ್ಲಿರೋ ಸಕ್ಕರೆ ಒಳಗೆ ತಗೋ ಅಂತ ಇನ್ಸುಲಿನ್ ಎಷ್ಟು ಹೇಳಿದ್ರೂ ಮೈ ಅದರ ಮಾತು ಕೇಳಲ್ಲ," ಅಂದೆ.

"ಅಂದ್ರೆ ನಮ್ಮನೆಯೋರ ಥರ. ನಾನು ಕೂಗ್ತಾನೇ ಇರ್ತೀನಿ, ಇವರು ತಿರುಗಿಯೂ ನೋಡಲ್ಲ."

ಪಕ್ಕದಲ್ಲೇ ಕೂತಿದ್ದ ಗಂಡ ಫ್ಯಾನ್ ನೋಡತೊಡಗಿದರು. ನಾನು ಕಷ್ಟಪಟ್ಟು ನಗು ತಡೆದುಕೊಂಡು, ಮುದ್ದೆ ಚಿಕ್ಕದು ಮಾಡಿ, ಸೊಪ್ಪು ಕಾಳು ಜಾಸ್ತಿ ತಿನ್ನಿ, ಊಟ ಆದಮೇಲೆ ಕಾಲು ಗಂಟೆ ನಡೀರಿ ಅಂದೆ. ಊರಲ್ಲಿ ಸುಮ್ಮನೆ ಒಬ್ಬಳೇ ನಡೆಯೋಕೆ ನಾಚಿಕೆ ಅಂದರು ಗೌರಮ್ಮ.

"ನಾನೂ ಬರ್ತೀನಿ ಬುಡು," ಅಂದರು ಗಂಡ.

ಮೂರು ತಿಂಗಳಲ್ಲಿ ಶುಗರ್ ಇಳಿದಿತ್ತು. ರಿಪೋರ್ಟ್ ನೋಡಿ ಇಬ್ಬರ ಮುಖವೂ ಅರಳಿತು. "ನೀವು ಊಟ ಆದ್ಮೇಲೆ ಎಷ್ಟು ನಡೀತೀರಾ ಮೇಡಂ?" ಅಂತ ಗೌರಮ್ಮ ಕೇಳಿದಾಗ ಫ್ಯಾನ್ ನೋಡೋ ಸರದಿ ನನ್ನದಾಯಿತು.

ಅವತ್ತೇ ಮಧ್ಯಾಹ್ನ ಊಟ ಮುಗಿಸಿ ರಸ್ತೆಗಿಳಿದೆ. ಎಲ್ಲಿಗೆ ಅಂತ ಆಟೋದವನೊಬ್ಬ ಕೇಳಿದ. ಎಲ್ಲಿಗೂ ಇಲ್ಲ, ಸುಮ್ಮನೆ ನಡೀತಿದೀನಿ ಅಂದೆ. ಅವನು ನಂಬದೆ ಬಸ್ ಸ್ಟಾಪಿನವರೆಗೂ ನನ್ನ ಹಿಂದೇನೇ ಬಂದ.