ಹಂಚಿನ ಕಾರ್ಖಾನೆಯ ಗೋಡೆಯಲ್ಲಿದ್ದ ಊರು

ಇಂಗ್ಲೆಂಡಿನ ಒಂದು ರೈಲ್ವೆ ಪಟ್ಟಣವನ್ನು ವಿಮಾನದಿಂದ ತೆಗೆದ ಹಳೆಯ ಚಿತ್ರ ಇವತ್ತು ಮೊಬೈಲಿನಲ್ಲಿ ಎದುರಾಯಿತು. ಕೂಡಲೇ ನನಗೆ ಹಸಿ ಜೇಡಿಮಣ್ಣಿನ ವಾಸನೆ ಬಂತು.

ಅಪ್ಪ ದುಡಿಯುತ್ತಿದ್ದ ಕುಂಬಳೆಯ ಹಂಚಿನ ಕಾರ್ಖಾನೆಯ ಆಫೀಸು ಗೋಡೆಯಲ್ಲಿ ಇದೇ ಚಿತ್ರವಿತ್ತು. ಅಮ್ಮ ತೀರಿಕೊಂಡ ಮೇಲೆ, ಅವಳೆಲ್ಲಿ ಎಂದು ನಾನು ಅತ್ತಾಗಲೆಲ್ಲ ಅಪ್ಪ ನನ್ನನ್ನು ಹೆಗಲಿಗೇರಿಸಿ, ಚಿಮಣಿಗಳ ನಡುವಿನ ಒಂದು ಮನೆಯ ಮೇಲೆ ಮಣ್ಣು ಮೆತ್ತಿದ ಬೆರಳಿಡುತ್ತಿದ್ದರು.

“ಇಗೋ, ಇಲ್ಲಿದ್ದಾಳೆ.”

“ಹೊರಗೆ ಎಂತಕ್ಕೆ ಬರುವುದಿಲ್ಲ?”

“ಒಳಗೆ ಕೆಲಸ ಉಂಟಲ್ಲ ಮಗಾ.”

ಒಂದು ಮಧ್ಯಾಹ್ನ ಅವರನ್ನು ಹುಡುಕಿಕೊಂಡು ಹೋದರೆ, ಅಪ್ಪ ಒಬ್ಬರೇ ಚಿತ್ರದ ಮುಂದೆ ನಿಂತು ಆ ಮನೆಯೊಡನೆ ಮೆಲ್ಲಗೆ ಮಾತಾಡುತ್ತಿದ್ದರು. ನನಗೆ ಹೆದರಿಕೆಯಾಯಿತು. ಅಮ್ಮ ಎಲ್ಲಿ ಎಂದು ಮತ್ತೆಂದೂ ಕೇಳಲಿಲ್ಲ.

ಇವತ್ತು ಆ ಮನೆಯನ್ನು ದೊಡ್ಡದು ಮಾಡಿ ನೋಡಿದೆ. ಹಿತ್ತಿಲಲ್ಲಿ ಯಾರೋ ಬಟ್ಟೆ ಒಣಹಾಕಿದ್ದಾರೆ.