ಬಟ್ಯಣ್ಣನ ಹೂಂ

ಪೈವಳಿಕೆಯ ಕಡೆ ವಂದನಾರ್ಪಣೆ ಎಂದರೆ ಚಪ್ಪಲಿ ಹುಡುಕುವ ಹೊತ್ತು. ಮೈಕಿನಲ್ಲಿ ಪಾಪ ಯಾರೋ ಹೆಸರು ಓದುತ್ತಿರುತ್ತಾರೆ, ಸಭೆ ಆಗಲೇ ಚಹಾದ ಕಡೆ ನಡೆದಿರುತ್ತದೆ. 'ಕಥೆ ಜಗಲಿ'ಯ ವಾರ್ಷಿಕೋತ್ಸವಕ್ಕೆ ಅಂಥ ಕೆಲಸವನ್ನು ಲೋಲಾಕ್ಷಿಯ ತಲೆಗೆ ಕಟ್ಟಿದವಳು ನಿಶ್ಮಿತಾ ಟೀಚರ್.

"ನನಗೆ ಅದೆಲ್ಲ ಎಂತ ಗೊತ್ತುಂಟು ಟೀಚರೇ?"

"ಇಷ್ಟು ಕಥೆ ಹೇಳುವವರಿಗೆ ಥ್ಯಾಂಕ್ಸ್ ಹೇಳ್ಲಿಕ್ಕೆ ಬರುವುದಿಲ್ವಾ? ಸುಮ್ನಿರಿ ಲೋಲಕ್ಕ."

ಲೋಲಾಕ್ಷಿ ಬೀಡಿ ಕಟ್ಟಿ ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದವಳು. ಆಗೆಲ್ಲ ನೆರೆಕರೆಯ ಹೆಂಗಸರು ಬೀಡಿ ಎಲೆ ಹಿಡಿದುಕೊಂಡು ಅವಳ ಜಗಲಿಗೇ ಬರುತ್ತಿದ್ದರು. ಅವಳ ಬಾಯಲ್ಲಿ ಕಥೆ ಓಡಿದಷ್ಟೂ ಅವರ ಕೈ ಓಡುತ್ತಿತ್ತು. ಬೀಡಿ ಕೆಲಸ ನಿಂತಿತು, ಜಗಲಿ ಖಾಲಿಯಾಯಿತು, ಕಥೆಯೂ ನಿಂತಿತು. ಕೇಳುವವರಿಲ್ಲದೆ ಇನ್ನು ಹೇಳುವುದು ಯಾರಿಗೆ, ಗೋಡೆಗೇ?

ವರ್ಷದ ಹಿಂದೆ ನಿಶ್ಮಿತಾ ಟೀಚರ್ ಊರಿನ ವಾಚನಾಲಯದಲ್ಲಿ 'ಕಥೆ ಜಗಲಿ' ಶುರುಮಾಡಿದಳು. ಭಾನುವಾರ ಮಧ್ಯಾಹ್ನ ಹಿರಿಯರು ಕಥೆ ಹೇಳಬೇಕು, ಮಕ್ಕಳು ಅದರ ಚಿತ್ರವನ್ನು ಗೋಡೆಯ ಮೇಲೆ ಬಿಡಿಸಬೇಕು. ಮೊದಲ ದಿನವೇ ಲೋಲಾಕ್ಷಿಯನ್ನು ಎಳೆದು ತಂದು ಕೂರಿಸಿದಳು. ಎದುರಿಗೆ ಜನ, ಎತ್ತಿ ಹಿಡಿದ ಫೋನುಗಳು. ಲೋಲಾಕ್ಷಿಯ ನಾಲಗೆ ಒಣಗಿತು. ಯಾರೋ ಕಿಸಕ್ಕೆಂದರು. ಇನ್ನೇನು ಎದ್ದು ಮನೆಗೆ ಓಡಬೇಕು, ಅಷ್ಟರಲ್ಲಿ ಬಾಗಿಲ ಹತ್ತಿರದಿಂದ ಒಂದು ಸ್ವರ ಬಂತು.

"ಹೂಂ."

ಪಕ್ಕದ ಮನೆಯ ಬಟ್ಯಣ್ಣ. ನೀರಿಗಾಗಿ ಗುಡ್ಡದೊಳಗೆ ಸುರಂಗ ತೋಡುತ್ತಿದ್ದ ಮನುಷ್ಯ. ಆ ಕತ್ತಲೆಯಲ್ಲಿ ಪಿಕ್ಕಾಸು ಹಿಡಿದವನಿಗೂ ಹೊರಗೆ ಮಣ್ಣು ಹೊರುವವನಿಗೂ ನಡುವೆ ಇದ್ದದ್ದು ಈ 'ಹೂಂ' ಒಂದೇ. ಅದು ಕೇಳುತ್ತಿದ್ದರೆ ಇಬ್ಬರಿಗೂ ಧೈರ್ಯ. ಮೊಣಕಾಲು ಸೋತು ಕೆಲಸ ಬಿಟ್ಟರೂ ಅಭ್ಯಾಸ ಅವನನ್ನು ಬಿಟ್ಟಿರಲಿಲ್ಲ. ಲೋಲಾಕ್ಷಿ ಇನ್ನೂ ಬಾಯಿಯೇ ತೆರೆದಿರಲಿಲ್ಲ, ಕಥೆ ಅರ್ಧಕ್ಕೆ ಬಂದಿದೆಯೋ ಎಂಬಂತೆ ಅವನು ಹೂಂಗುಟ್ಟಿದ್ದ. ಅವಳು ಹೇಳತೊಡಗಿದಳು. ಆಮೇಲೆ ಪ್ರತಿ ಭಾನುವಾರವೂ ಹಾಗೆಯೇ ನಡೆಯಿತು: ಅವಳ ಕಥೆ, ಬಾಗಿಲಲ್ಲಿ ನಿಂತ ಅವನ ಹೂಂ. ಬೇರೆ ಒಂದು ಮಾತೂ ಅವನ ಬಾಯಿಂದ ಬಂದದ್ದಿಲ್ಲ.

ನೆರೆಕರೆಯವರು ಒಬ್ಬರಿಗೊಬ್ಬರು ಧನ್ಯವಾದ ಹೇಳುವ ಕ್ರಮವಿಲ್ಲ. ಆ ಮನೆಯಿಂದ ಹಲಸಿನಹಣ್ಣು ಬಂದರೆ ಈ ಮನೆಯಿಂದ ಹಪ್ಪಳ ಹೋಗುತ್ತದೆ, ಮುಗಿಯಿತು. ಆದರೆ ಒಂದು ಹೂಂಗೆ ಪ್ರತಿಯಾಗಿ ಎಂತ ಕಳಿಸುವುದು? ವರ್ಷವಿಡೀ ಇದು ಲೋಲಾಕ್ಷಿಯ ಎದೆಯಲ್ಲಿ ಕೂತಿತ್ತು. ವಂದನಾರ್ಪಣೆಗೆ ಅವಳು ಒಪ್ಪಿದ್ದೂ ಅದಕ್ಕೇ. ಊರಿನವರೆಲ್ಲರ ಎದುರು, ಬಟ್ಯಣ್ಣನ ಕಿವಿಗೆ ಬೀಳುವಂತೆ ಹೇಳಬೇಕು.

ವಾರ್ಷಿಕೋತ್ಸವದ ದಿನ ಅವಳು ಮೈಕಿನ ಮುಂದೆ ಬಂದದ್ದೇ ತಡ, ಕುರ್ಚಿಗಳು ಸದ್ದು ಮಾಡಿದವು. ವಾರ್ಡ್ ಮೆಂಬರ್ ಜನಾರ್ದನ ಫೋನನ್ನು ಕಿವಿಗಿಟ್ಟುಕೊಂಡು ಎದ್ದರು. ಚಹಾದ ಲೋಟ ಜೋಡಿಸಬೇಕಾಗಿದ್ದ ಬಟ್ಯಣ್ಣನಂತೂ ಹೊಸ್ತಿಲು ದಾಟುತ್ತಿದ್ದ. ಲೋಲಾಕ್ಷಿ ಅದನ್ನು ನೋಡಿದಳು. ಟೀಚರ್ ಬರೆದುಕೊಟ್ಟ ಚೀಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ದನಿ ಎತ್ತಿದಳು.

"ಒಂದು ಊರಲ್ಲಿ ಒಬ್ಬ ಸುರಂಗ ತೋಡುವವ ಇದ್ದ!"

"ಹೂಂ," ಎಂದು ಬಟ್ಯಣ್ಣ ನಿಂತೇಬಿಟ್ಟ. ಎದ್ದವರು ನಗುತ್ತ ಕೂತರು.

"ಅವನ ನೆರೆಯಲ್ಲಿ ಒಬ್ಬಳು ಹೆಂಗಸು. ಮಾತೆಲ್ಲ ಮಣ್ಣಿನಡಿ ಸಿಕ್ಕಿ ಹಾಕಿಕೊಂಡಿತ್ತು ಅವಳದ್ದು."

"ಹೂಂ."

"ಇವಳ ಕಥೆ ಮುಗೀತು ಅಂತ ಎಲ್ಲ ಹೋದರು. ಇವನೊಬ್ಬ ನಿಂತ, ಹೂಂ ಅಂದ. ಅದನ್ನು ಹಿಡ್ಕೊಂಡು ಅವಳು ಹೊರಗೆ ಬಂದಳು." ಅವಳು ಬಾಗಿಲ ಕಡೆ ತಿರುಗಿದಳು. "ಆ ಹೂಂ ಇಲ್ಲದಿದ್ರೆ ನಾನು ಒಳಗೇ ಇರ್ತಿದ್ದೆ, ಬಟ್ಯಣ್ಣ. ನಿಮಗೆ ನನ್ನ ನಮಸ್ಕಾರ."

ಈ ಸಲ ಹೂಂ ಬರಲಿಲ್ಲ. ಬಟ್ಯಣ್ಣ ಹೆಗಲ ಮೇಲಿನ ಬೈರಾಸಿನಲ್ಲಿ ಮುಖ ಮುಚ್ಚಿಕೊಂಡು ಬಾಗಿಲಿಗೆ ಒರಗಿದ್ದ. ಲೋಲಾಕ್ಷಿ ಕಾದಳು, ಹೂಂ ಇಲ್ಲದೆ ಇಲ್ಲಿ ಅವಳ ಕಥೆ ಎಂದೂ ಮುಂದೆ ಹೋದದ್ದಿಲ್ಲ. ಆಗ ಮುಂದಿನ ಸಾಲಿನಿಂದ ನಿಶ್ಮಿತಾ ಟೀಚರ್ "ಹೂಂ" ಎಂದಳು. ಹಿಂದೆಯೇ ಮಕ್ಕಳು, ಮೆಂಬರು, ಇಡೀ ಸಭೆಯೇ ಹೂಂಗುಟ್ಟಿತು.

ಬಟ್ಯಣ್ಣ ಬೈರಾಸು ಕೆಳಗಿಳಿಸಿದ. ಕಣ್ಣು ಕೆಂಪಗಾಗಿತ್ತು.

"ಮತ್ತೆ ಎಂತ ಆಯ್ತು ಮಾರಾಯ್ತಿ?"

"ಮತ್ತೆ ಎಂತ? ಇಬ್ಬರೂ ಕೂತು ಚಹಾ ಕುಡಿದರು," ಎಂದಳು ಲೋಲಾಕ್ಷಿ, ಮುಂದಿನ ಸಾಲಿನ ಕುರ್ಚಿಯನ್ನು ಅವನ ಕಡೆ ತಿರುಗಿಸುತ್ತ. "ಬನ್ನಿ, ಇಲ್ಲಿ ಕೂತ್ಕೊಳ್ಳಿ. ಲೋಟ ಬೇರೆಯವರು ಜೋಡಿಸ್ತಾರೆ."