ಮುಟ್ಟದೆ ಬಿಟ್ಟ ಏಳು ನಿಮಿಷ

ಆಸ್ಪತ್ರೆಯ ಸೇವೆಯನ್ನು ನೆನೆಯುವಾಗ ಶಸ್ತ್ರಚಿಕಿತ್ಸಕರ ಕೈಗುಣವನ್ನೂ ದಾದಿಯರ ತಾಳ್ಮೆಯನ್ನೂ ಕೊಂಡಾಡುವುದು ವಾಡಿಕೆ. ಕಂಪ್ಯೂಟರ್ ನೋಡಿಕೊಳ್ಳುವವರ ನೆನಪಾಗುವುದು ಅದು ಕೆಟ್ಟು ಕೂತಾಗ ಮಾತ್ರ, ಮತ್ತು ಆಗ ಅವರನ್ನು ನೆನೆಯುವ ಮಾತುಗಳು ಇಂಥ ಅಭಿನಂದನ ಗ್ರಂಥದಲ್ಲಿ ಅಚ್ಚಾಗತಕ್ಕವಲ್ಲ. ಮೂವತ್ತನಾಲ್ಕು ವರ್ಷ ಒಂದೇ ಆಸ್ಪತ್ರೆಯ ಮೂರು ಮಹಡಿಗಳನ್ನು ಹತ್ತಿಳಿದು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ಕಂಪ್ಯೂಟರ್ ವಿಭಾಗದ ಹಿರಿಯರನ್ನು ಎಲೆಮರೆಯ ಕಾಯಿ ಎಂದು ಕರೆಯಲು ಸಂಪಾದಕರು ಸೂಚಿಸಿದ್ದರು. ಆದರೆ ದಿನ ಬೆಳಗಾದರೆ ಪ್ರತಿ ವಾರ್ಡಿನ ನಡುವೆ ನಿಂತು, ಕನ್ನಡಕ ಹಣೆಗೇರಿಸಿ, ಕೈಗಡಿಯಾರವನ್ನು ಮೂಗಿನ ಹತ್ತಿರ ಹಿಡಿಯುವ ಮನುಷ್ಯರನ್ನು ಯಾವ ಎಲೆಯೂ ಮರೆ ಮಾಡಲಾರದು. ಅವರನ್ನು ಇಡೀ ಆಸ್ಪತ್ರೆ ಅರಿತಿರುವುದು 'ಸೆಕೆಂಡು ಮೇಷ್ಟ್ರು' ಎಂಬ ಅಡ್ಡಹೆಸರಿನಿಂದ. ಈ ಲೇಖನವೂ ಹಾಗೆಯೇ ಕರೆಯುತ್ತದೆ.

ಸೇವೆಗೆ ಸೇರಿದಾಗ ಮೇಷ್ಟ್ರು ಎಲೆಕ್ಟ್ರಿಷಿಯನ್ನಿಗೆ ಸಹಾಯಕರು. ಹಾಸಿಗೆಯ ಪಕ್ಕದ ಕರೆಗಂಟೆ, ಲಿಫ್ಟಿನ ಗುಂಡಿ, ಕಾರಿಡಾರಿನ ಗೋಡೆ ಗಡಿಯಾರ, ಇವು ಅವರ ಪಾಲಿನ ಕೆಲಸ. ಮೊದಲ ಕಂಪ್ಯೂಟರುಗಳು ರಟ್ಟಿನ ಪೆಟ್ಟಿಗೆಯಲ್ಲಿ ಬಂದು ತಿಂಗಳುಗಟ್ಟಲೆ ಮೂಲೆಯಲ್ಲಿ ಕೂತಿದ್ದಾಗ, ಕೈ ಹಾಕಿದರೆ ಕೆಟ್ಟೀತೆಂದು ಎಲ್ಲರೂ ದೂರ ನಿಂತರು. ಇವರು ನಿಘಂಟು ಪಕ್ಕದಲ್ಲಿಟ್ಟುಕೊಂಡು ಕೈಪಿಡಿ ಓದಿ ಒಂದೊಂದನ್ನೇ ಜೋಡಿಸಿದರು. ಗಡಿಯಾರದ ಗೀಳು ಮಾತ್ರ ಅವರನ್ನು ಬಿಡಲಿಲ್ಲ. ಬೆಳಿಗ್ಗೆ ಎಂಟಕ್ಕೆ ಉದ್ದನೆಯ ನೋಟ್‌ಪುಸ್ತಕ ಹಿಡಿದು ಹೊರಟರೆಂದರೆ, ಪ್ರತಿ ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ತೋರುವ ಸಮಯವನ್ನು ತಮ್ಮ ಕೈಗಡಿಯಾರಕ್ಕೆ ಹೋಲಿಸಿ, ಎಷ್ಟು ಸೆಕೆಂಡು ಹೆಚ್ಚು ಕಡಿಮೆ ಎಂದು ಬರೆದುಕೊಂಡೇ ಮುಂದಿನ ಕೋಣೆಗೆ ಕಾಲಿಡುತ್ತಿದ್ದರು.

"ಬಂದ್ರಪ್ಪ, ನಾಡಿ ಹಿಡಿಯೋರು" ಎಂದು ಸಿಸ್ಟರುಗಳು ಚೇಷ್ಟೆ ಮಾಡಿದರೆ ಮೇಷ್ಟ್ರು ನಗದೆ ಉತ್ತರಿಸುತ್ತಿದ್ದರು: "ನೀವು ರೋಗಿದು ನೋಡಿ, ನಾನು ಇದರದ್ದು ನೋಡ್ತೀನಿ. ಇದು ತಪ್ಪಿದ್ರೆ ನೀವು ಬರೆದಿದ್ದೆಲ್ಲ ತಪ್ಪು." ಅವರ ಶ್ರೀಮತಿಯವರ ದೂರು ಬೇರೆ: "ಊರಿಗೆಲ್ಲ ಟೈಮ್ ಹೇಳ್ತಾರೆ, ನಮ್ಮ ಅಡುಗೆಮನೆ ಗಡಿಯಾರ ನಿಂತು ಆರು ತಿಂಗಳಾಯ್ತು."

ಈ ಗೀಳಿನ ಬೆಲೆ ತಿಳಿದದ್ದು ಹದಿನಾಲ್ಕು ವರ್ಷಗಳ ಹಿಂದೆ. ಅದನ್ನು ಹೇಳಬೇಕಾದರೆ ಇನ್ನೊಬ್ಬರನ್ನು ಪರಿಚಯಿಸಬೇಕು. ಇಂದು ಎರಡನೆಯ ಮಹಡಿಯ ಹೆಡ್ ಸಿಸ್ಟರ್ ಆಗಿರುವವರು ಆಗ ಇಪ್ಪತ್ಮೂರರ ಹುಡುಗಿ, ಕೆಲಸಕ್ಕೆ ಸೇರಿ ಹನ್ನೊಂದು ತಿಂಗಳು, ಕಾಯಂ ಆಗಲು ಇನ್ನೊಂದು ತಿಂಗಳು ಬಾಕಿ. ಹೆಡ್ ಸಿಸ್ಟರ್ ಆದಮೇಲೆ ಬಹುವಚನ ತಾನಾಗಿ ಬಂದಿದೆ. ಆ ದಿನಗಳ ಮಟ್ಟಿಗೆ 'ಅವಳು' ಎಂದೇ ಬರೆಯಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ.

ಒಂದು ಬೆಳಿಗ್ಗೆ ಅವಳ ವಾರ್ಡಿನ ವೃದ್ಧರೊಬ್ಬರಿಗೆ ಡ್ಯೂಟಿ ಡಾಕ್ಟರು ತಮ್ಮ ಕೋಣೆಯ ಕಂಪ್ಯೂಟರಿನಲ್ಲಿ ಇಂಜೆಕ್ಷನ್ ಬರೆದರು. ಅವಳು ಅದನ್ನು ಓದಿ, ಮತ್ತೊಮ್ಮೆ ಓದಿ, ಕೊಟ್ಟು, ಕೊಟ್ಟ ಸಮಯವನ್ನು ವಾರ್ಡಿನ ಕಂಪ್ಯೂಟರಿನಲ್ಲಿ ದಾಖಲಿಸಿದಳು. ಆ ಔಷಧ ಅವರ ಮೈಗೆ ಒಗ್ಗಲಿಲ್ಲ. ಮೈತುಂಬ ದದ್ದು ಎದ್ದು ಉಸಿರು ಕಟ್ಟಿತು. ಸಂಜೆಯ ಹೊತ್ತಿಗೆ ಅವರು ಸುಧಾರಿಸಿಕೊಂಡರೂ ಕಾಗದಪತ್ರಗಳ ತಪಾಸಣೆ ನಡೆಯಿತು. ದಾಖಲೆಯ ಪ್ರಕಾರ ಡಾಕ್ಟರು ಇಂಜೆಕ್ಷನ್ ಬರೆದದ್ದು ಹನ್ನೊಂದು ಹದಿನೈದಕ್ಕೆ. ಅವಳು ಕೊಟ್ಟದ್ದು ಹನ್ನೊಂದು ಐದಕ್ಕೆ. ಅಂದರೆ ಡಾಕ್ಟರು ಬರೆಯುವ ಹತ್ತು ನಿಮಿಷ ಮೊದಲೇ, ಯಾರ ಅಪ್ಪಣೆಯೂ ಇಲ್ಲದೆ, ಹೊಸ ಸಿಸ್ಟರ್ ರೋಗಿಗೆ ಸೂಜಿ ಚುಚ್ಚಿದ್ದಾಳೆ.

ಡಾಕ್ಟರು ಕೆಟ್ಟವರಲ್ಲ, ಕಂಗಾಲಾದವರು. "ನಾನು ಬರೆದಿದ್ದು ನಿಜ, ಎಷ್ಟು ಹೊತ್ತಿಗೆ ಅಂತ ಕಂಪ್ಯೂಟರೇ ಹೇಳ್ಬೇಕು" ಎಂದರು. ಕಂಪ್ಯೂಟರು ಹೇಳಿತ್ತು. ಎರಡು ದಿನ ಬಿಟ್ಟು ಮಧ್ಯಾಹ್ನ ಮೂರಕ್ಕೆ ಸೂಪರಿಂಟೆಂಡೆಂಟರ ಕೋಣೆಯಲ್ಲಿ ವಿಚಾರಣೆ ಎಂದಾಯಿತು. ತಪ್ಪು ಸಾಬೀತಾದರೆ ಅವಳು ಕಳೆದುಕೊಳ್ಳುವುದು ಈ ಕೆಲಸವನ್ನು ಮಾತ್ರವಲ್ಲ. ಇಂಥ ಷರಾ ಬಿದ್ದ ನರ್ಸನ್ನು ಬೇರೆ ಯಾವ ಆಸ್ಪತ್ರೆಯೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅವಳಿಗೆ ತನ್ನ ಮೇಲೆಯೇ ಅನುಮಾನ ಬರತೊಡಗಿತು. ನಿಜವಾಗಿಯೂ ಓದಿದ್ದೆನೇ, ಓದಿದೆ ಎಂದುಕೊಂಡೆನೇ?

ವಿಚಾರಣೆಯ ದಿನ ಬೆಳಿಗ್ಗೆಯೇ ಮೇಷ್ಟ್ರು ಮೂರು ವಾರಗಳ ರಜೆ ಮುಗಿಸಿ ಬಂದದ್ದು. ಮಗಳ ಹೆರಿಗೆಗೆಂದು ಹೋಗಿದ್ದವರು, ತಾತನಾದ ಸಂತೋಷ ಮುಖದ ತುಂಬ. ನೋಟ್‌ಪುಸ್ತಕ ಹಿಡಿದು ಸುತ್ತು ಹೊರಟು ಅವಳ ವಾರ್ಡಿನ ಕಂಪ್ಯೂಟರಿನ ಮುಂದೆ ನಿಂತರು. ಕೈಗಡಿಯಾರ ನೋಡಿದರು, ಪರದೆ ನೋಡಿದರು, ಮತ್ತೆ ಕೈಗಡಿಯಾರ ನೋಡಿದರು. ಸೆಕೆಂಡುಗಳಲ್ಲಿ ಲೆಕ್ಕ ಬರೆಯುತ್ತಿದ್ದವರು ಅಂದು ಬರೆದದ್ದು: ಏಳು ನಿಮಿಷ ಹಿಂದೆ.

ಕೆಟ್ಟದ್ದನ್ನು ಕಂಡರೆ ರಿಪೇರಿಯವರ ಕೈ ಸುಮ್ಮನಿರುವುದಿಲ್ಲ. ಅವರ ಬೆರಳು ಆಗಲೇ ಮೌಸಿನ ಮೇಲಿತ್ತು. ಆಗ ಪಕ್ಕದಲ್ಲಿ ಬ್ಯಾಂಡೇಜು ಮಡಚುತ್ತಿದ್ದ ಹುಡುಗಿಯ ಕಣ್ಣು ಕೆಂಪಾಗಿರುವುದು ಕಂಡು, ಏನಾಯಿತೆಂದು ಕೇಳಿದರು. ಅವಳು ಹೇಳುತ್ತ ಹೋದಂತೆ ಮೇಷ್ಟ್ರು ಮೌಸಿನಿಂದ ಕೈಯನ್ನು ಬಿಸಿ ತಗುಲಿದವರಂತೆ ಹಿಂದಕ್ಕೆ ತೆಗೆದುಕೊಂಡರು. ಪುಸ್ತಕದಿಂದ ಒಂದು ಹಾಳೆ ಹರಿದು 'ಯಾರೂ ಮುಟ್ಟಬಾರದು' ಎಂದು ಬರೆದು ಪರದೆಗೆ ಅಂಟಿಸಿದರು. ಡಾಕ್ಟರ ಕೋಣೆಗೆ ಹೋಗಿ ಅಲ್ಲಿಗೂ ಒಂದು ಅಂಟಿಸಿದರು. ಅಲ್ಲಿಯ ಕಂಪ್ಯೂಟರಿನ ಗಡಿಯಾರ ಹತ್ತು ನಿಮಿಷ ಮುಂದಿತ್ತು.

ಆಮೇಲೆ ಬೆಂಚಿನ ಮೇಲೆ ಅವಳ ಪಕ್ಕ ಕೂತು ವಿವರಿಸಿದರು: "ನೋಡಮ್ಮ, ಕಂಪ್ಯೂಟರ್ ಒಳಗಿರೋ ಗಡಿಯಾರ ಸೋಮಾರಿ. ದಿನಕ್ಕೆ ಇಷ್ಟು ಅಂತ ಹಿಂದೆ ಬೀಳತ್ತೆ. ಅದಕ್ಕೇ ಎಲ್ಲವೂ ಕೆಳಗಿನ ದೊಡ್ಡ ಕಂಪ್ಯೂಟರನ್ನ ಆಗಾಗ ಟೈಮ್ ಕೇಳ್ತಾ ಇರತ್ವೆ, ಕೇಳಿ ಸರಿ ಮಾಡ್ಕೊಳ್ಳತ್ವೆ. ರಜಾ ಹೋಗೋ ಹಿಂದಿನ ದಿನ ನಾನೇ ಎಲ್ಲದಕ್ಕೂ ಹೊಸ ಸೆಕ್ಯುರಿಟಿ ಸಾಫ್ಟ್‌ವೇರ್ ಹಾಕಿದೆ. ಅದು ಕಳ್ಳರನ್ನ ತಡೀತು. ಟೈಮ್ ಕೇಳೋಕೆ ಹೋದೋರನ್ನೂ ತಡೀತು."

ಬೇಲಿಯೇ ಎದ್ದು ಹೊಲ ಮೇಯುವುದನ್ನು ಕೇಳಿದ್ದೇವೆ. ಈ ಬೇಲಿ ಹೊಲ ಮೇಯಲಿಲ್ಲ. ಅತಿ ನಿಷ್ಠೆಯಿಂದ ನೀರು ಬರುವ ಕಾಲುವೆಯನ್ನೂ ಮುಚ್ಚಿಬಿಟ್ಟಿತ್ತು.

ಮೂರು ಗಂಟೆಗೆ ಮೇಷ್ಟ್ರು ಕರೆಯದೆಯೇ ವಿಚಾರಣೆಗೆ ಹೋದರು. "ಕೂತು ಮಾತಾಡೋದು ಬೇಡ ಸಾರ್, ಎರಡೇ ನಿಮಿಷ ನನ್ನ ಜೊತೆ ನಡೀರಿ" ಎಂದು ಸೂಪರಿಂಟೆಂಡೆಂಟರನ್ನೂ ಡಾಕ್ಟರನ್ನೂ ದಾದಿಯರ ಮೇಲ್ವಿಚಾರಕಿಯಾದ ಮೇಟ್ರನ್ನರನ್ನೂ ಎಬ್ಬಿಸಿಕೊಂಡು, ಸೋಮಾರಿ ಗಡಿಯಾರದ ಕಥೆಯನ್ನು ಅವರಿಗೂ ಹೇಳುತ್ತ ಹೊರಟರು. ವಾರ್ಡಿನ ಏಳು ನಿಮಿಷವನ್ನು ಎಲ್ಲರೂ ತಮ್ಮ ತಮ್ಮ ಗಡಿಯಾರದಲ್ಲಿ ನೋಡಿದರು. ಡಾಕ್ಟರ ಕೋಣೆಯಲ್ಲಿ ಸೂಪರಿಂಟೆಂಡೆಂಟರು ಹುಬ್ಬು ಗಂಟಿಕ್ಕಿದರು: "ಸೋಮಾರಿ ಅಂದ್ರೆ ಹಿಂದೆ ಬೀಳ್ಬೇಕು. ಇದು ಮುಂದೆ ಯಾಕೆ ಓಡಿದೆ?"

ಡಾಕ್ಟರು ಸಂಕೋಚದಿಂದ ಗೋಡೆಯ ಕಡೆ ಕೈ ತೋರಿಸಿದರು. ಕಂಪ್ಯೂಟರು ಹಿಂದೆ ಬಿದ್ದದ್ದು ಕಂಡು, ಇಂಜೆಕ್ಷನ್ ಬರೆದ ಹಿಂದಿನ ದಿನವೇ, ಉಪಕಾರವಾಗಲೆಂದು ಅವರೇ ಗೋಡೆ ಗಡಿಯಾರ ನೋಡಿ ತಿದ್ದಿದ್ದರು. ಆಗ ಎಲ್ಲರ ಹಿಂದೆ ನಿಂತಿದ್ದ ಮೇಟ್ರನ್ನರು ಗಂಟಲು ಸರಿಮಾಡಿಕೊಂಡರು. "ಆ ಗಡಿಯಾರ ಹತ್ತು ನಿಮಿಷ ಮುಂದಿಟ್ಟಿರೋದು ನಾನು, ಮೇಷ್ಟ್ರು ರಜಾ ಹೋದ್ಮೇಲೆ. ಡಾಕ್ಟರುಗಳು ಯಾರೂ ರೌಂಡ್ಸಿಗೆ ಹೊತ್ತಿಗೆ ಸರಿಯಾಗಿ ಬರಲ್ಲ ಅಂತ."

ಏಳು ಹಿಂದೆ, ಹತ್ತು ಮುಂದೆ. ಎರಡನ್ನೂ ಸರಿದೂಗಿಸಿ ನೋಡಿದಾಗ ಡಾಕ್ಟರು ಬರೆದದ್ದು ಹನ್ನೊಂದು ಐದಕ್ಕೆ, ಹುಡುಗಿ ಕೊಟ್ಟದ್ದು ಹನ್ನೊಂದು ಹನ್ನೆರಡಕ್ಕೆ. ಅವಳು ಓದಿಯೇ ಕೊಟ್ಟಿದ್ದಳು. ಯಾರಾದರೂ ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಮೇಷ್ಟ್ರು ನಿಲ್ಲಿಸಲಿಲ್ಲ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ಬಾರ್ದು ಸಾರ್. ಏನೇ ಹೊಸದು ಹಾಕಿದ್ರೂ ಮಾರನೇ ದಿನ ಸುತ್ತು ಬಂದು ನೋಡ್ಬೇಕು ಅನ್ನೋದು ನಾನೇ ಮಾಡಿದ ನಿಯಮ. ಬಸ್ಸು ತಪ್ಪೀತು ಅಂತ ನಾನು ನೋಡದೆ ಹೋದೆ. ತಪ್ಪು ನನ್ನದೇ, ಬರ್ಕೊಳ್ಳಿ" ಎಂದರು. ಅವಳು ಬಾಗಿಲ ಬಳಿ ನಿಂತು ಈ ಮಾತು ಕೇಳಿಸಿಕೊಂಡಳು. ಅಂದು ಅತ್ತದ್ದು ಸಂತೋಷಕ್ಕೋ ಸಂಕಟಕ್ಕೋ ಈಗಲೂ ಅವರಿಗೆ ಹೇಳಲು ಬಾರದು.

ಸರಿಪಡಿಸುವ ಕೆಲಸ ವಾರ ಹಿಡಿಯಿತು. ಗಡಿಯಾರ ತಪ್ಪಿದ್ದರಿಂದ ಸೆಕ್ಯುರಿಟಿ ಸಾಫ್ಟ್‌ವೇರು ತನ್ನ ಹೊಸ ಸೂಚನೆಗಳನ್ನು ನಂಬುತ್ತಿರಲಿಲ್ಲ. ಹೊಸ ಸೂಚನೆ ಸಿಗದೆ ಅದು ಗಡಿಯಾರಕ್ಕೆ ದಾರಿ ಬಿಡುತ್ತಿರಲಿಲ್ಲ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಕಥೆ. ಮೇಷ್ಟ್ರು ಪ್ರತಿಯೊಂದನ್ನೂ ಮೊದಲು ಕೈಯಾರೆ ಸರಿಯಾದ ಸಮಯಕ್ಕೆ ತಂದು, ದೊಡ್ಡ ಕಂಪ್ಯೂಟರನ್ನು ಸಮಯ ಕೇಳುವುದಕ್ಕೆ ಮಾತ್ರ ಒಂದು ಕಿಂಡಿ ತೆರೆದು, ಉಳಿದ ಬಾಗಿಲುಗಳನ್ನು ಮುಚ್ಚಿಯೇ ಇಟ್ಟರು. "ಕಾವಲುಗಾರ ಬೇಕು ಕಣಮ್ಮ, ಅವನನ್ನ ಬೈಬಾರ್ದು. ಮನೆಯೋರು ಯಾರು ಅಂತ ಅವನಿಗೆ ಹೇಳಿಕೊಡ್ಬೇಕಾಗಿದ್ದು ನಾವು" ಎನ್ನುತ್ತ ಆ ಹುಡುಗಿಗೂ ಕೆಲಸ ಕಲಿಸಿದರು. ಮುಂದಿನ ವರ್ಷಗಳಲ್ಲಿ ಬೇರೆ ಆಸ್ಪತ್ರೆಗಳಿಂದ ಇಂಥದೇ ತೊಂದರೆಯ ಫೋನು ಬಂದಾಗೆಲ್ಲ ಬೇಸರಿಸದೆ, ಬಸ್ಸು ಹತ್ತಿ ಹೋಗಿಯಾದರೂ ಸರಿಮಾಡಿ ಬಂದರು. ಮೇಟ್ರನ್ನರ ಗೋಡೆ ಗಡಿಯಾರವೂ ಸರಿಯಾಯಿತು. ಡಾಕ್ಟರುಗಳು ಎಂದಿನಂತೆ ತಡವಾಗಿಯೇ ಬಂದರು.

ಈ ಗ್ರಂಥಕ್ಕೆ ಸೇವಾವಿವರ ಸಂಗ್ರಹಿಸುವ ಹೊಣೆ ಹೆಡ್ ಸಿಸ್ಟರ್ ಅವರದಾಗಿತ್ತು. ಹಳೆಯ ಫೈಲಿನಲ್ಲಿ ಅವರಿಗೆ ಒಂದು ಹಾಳೆ ಸಿಕ್ಕಿತು. ಆ ವಿಚಾರಣೆಯ ಮರುವಾರವೇ ಮೇಷ್ಟ್ರಿಗೆ ಎಚ್ಚರಿಕೆ ಪತ್ರ ಹೋಗಿತ್ತು. ಆ ವರ್ಷ ಬರಬೇಕಿದ್ದ ಬಡ್ತಿ ಮೂರು ವರ್ಷ ಮುಂದಕ್ಕೆ ಹೋಗಿತ್ತು. ಹದಿನಾಲ್ಕು ವರ್ಷ ದಿನವೂ ಎದುರಿಗೆ ನಿಂತು ಗಡಿಯಾರ ನೋಡಿದವರು ಅದರ ಬಗ್ಗೆ ತುಟಿ ಪಿಟಕ್ಕೆನ್ನಲಿಲ್ಲ.

ಕಳೆದ ವಾರ ಮೇಷ್ಟ್ರು ಸುತ್ತು ಬಂದಾಗ ಸಿಸ್ಟರ್ ತಡೆಯಲಾರದೆ ಕೇಳಿದರು: "ಯಾಕೆ ಹೇಳ್ಲಿಲ್ಲ ಮೇಷ್ಟ್ರೇ?"

"ಹೇಳಿದ್ರೆ ನೀನು ನನ್ನ ಕಂಡಾಗೆಲ್ಲ ತಲೆ ತಗ್ಗಿಸ್ತಿದ್ದೆ. ನನಗೆ ಈ ವಾರ್ಡಲ್ಲಿ ತಲೆ ಎತ್ತಿ ಪರದೆ ನೋಡೋರು ಬೇಕಾಗಿತ್ತು" ಎಂದು ಮೇಷ್ಟ್ರು ಕನ್ನಡಕ ಹಣೆಗೇರಿಸಿ ಕೈಗಡಿಯಾರ ನೋಡಿದರು. "ಎರಡು ಸೆಕೆಂಡು ಹಿಂದಿದೆಯಲ್ಲಮ್ಮ ನಿಂದು."

"ಇಲ್ಲ ಮೇಷ್ಟ್ರೇ. ನಾನು ಬೆಳಿಗ್ಗೆನೇ ನೋಡಿದೀನಿ, ಇದು ಸರಿ ಇದೆ. ನಿಮ್ಮ ವಾಚೇ ಎರಡು ಸೆಕೆಂಡು ಮುಂದಿದೆ."

ವಾರ್ಡಿನಲ್ಲಿದ್ದವರೆಲ್ಲ ಕೆಲಸ ನಿಲ್ಲಿಸಿ ನೋಡಿದರು. ಮೇಷ್ಟ್ರು ಪಕ್ಕದ ಕೋಣೆಯ ಪರದೆ ನೋಡಿ ಬಂದರು, ಅದರಾಚೆಯದನ್ನೂ ನೋಡಿ ಬಂದರು. "ಹೌದು. ತಪ್ಪು ನನ್ನದೇ" ಎಂದು ಪುಸ್ತಕ ತೆರೆದು, ಅದನ್ನು ಹಾಗೆಯೇ ಬರೆದು, ವಾಚನ್ನು ತಿದ್ದಿಕೊಂಡರು. ಆಮೇಲೆ ಪುಸ್ತಕವನ್ನು ಸಿಸ್ಟರ್ ಕೈಯಲ್ಲಿಟ್ಟು ಮೆಟ್ಟಿಲಿಳಿದು ಹೋದರು.

ಹಿರಿಯರು ಆಯುರಾರೋಗ್ಯದಿಂದ ಬಹುಕಾಲ ಬಾಳಲಿ, ಅವರ ಅಡುಗೆಮನೆಯ ಗಡಿಯಾರಕ್ಕೆ ಇನ್ನಾದರೂ ಅವರ ಕೈಗುಣ ಸೋಕಲಿ, ಮೊಮ್ಮಗಳಿಗೆ ಗಂಟೆ ನೋಡುವುದನ್ನು ಕಲಿಸಿದವರು ಇನ್ನಷ್ಟು ಮಂದಿಗೆ ಕಲಿಸುತ್ತಿರಲಿ ಎಂಬುದು ಈ ಆಸ್ಪತ್ರೆಯ ಮೂರು ಮಹಡಿಗಳ ಹಾರೈಕೆ. ಅವರು ಯಾವಾಗ ಬೇಕಾದರೂ ಬಂದು ಪರೀಕ್ಷಿಸಬಹುದು. ಬೆಳಿಗ್ಗೆ ಎಂಟಕ್ಕೆ ಸುತ್ತು ಹೊರಡುತ್ತದೆ, ಪುಸ್ತಕದ ಹೊಸ ಪುಟದಲ್ಲಿ ಹೆಡ್ ಸಿಸ್ಟರ್ ಅವರ ಕೈಬರಹವಿದೆ.